ಹೇರೆತ್ತಿನ ದಾರಿಯಲ್ಲಿ ಸೈಕಲ್: ಎರಡು ಸಲ ಸೋತು ಮೂರನೇ ಸಲ ಮುಗಿಸಿದ್ದು

ಹಂಪಿಯ ಕಡೆಯಿಂದ ಕಡಲಿನವರೆಗೆ ತುಳಿದು ಬಂದು, ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಫೋಟೊ ಕಳುಹಿಸಿದ ಮೇಲೂ ನಮ್ಮ ಸೈಕಲ್ ಬಳಗದ ಇಬ್ಬರು ನಂಬಲಿಲ್ಲ. ‘ಗೇರುಸೊಪ್ಪೆಗೆ ಲಾರಿಯಲ್ಲಿ ಬಂದಿರಬೇಕು’ ಎಂದು ಒಬ್ಬರು ಬರೆದರು. ಗೇರುಸೊಪ್ಪೆ ಘಟ್ಟದ ಬುಡದ ಊರು. ಘಟ್ಟ ಏರುವುದಕ್ಕೆ ಲಾರಿ ಹಿಡಿದವರನ್ನು ನಾನು ನೋಡಿದ್ದೇನೆ, ಇಳಿಯುವುದಕ್ಕೆ ಹಿಡಿದವರನ್ನು ನೋಡಿಲ್ಲ. ಅವರ ಅನುಮಾನಕ್ಕೆ ಕಾರಣವಿತ್ತು ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಇದೇ ದಾರಿಯಲ್ಲಿ ಎರಡು ಸಲ ಹೊರಟು ಎರಡು ಸಲವೂ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ಬಂದವನು ನಾನು.

ದಾರಿ ಯಾವುದೆಂದರೆ, ಹಂಪಿಯಿಂದ ಕಡಲಿಗೆ. ವಿಜಯನಗರಕ್ಕೆ ಕುದುರೆ ಬರುತ್ತಿದ್ದ ಬಂದರುಗಳಲ್ಲಿ ಭಟ್ಕಳ, ಹೊನ್ನಾವರ ಎರಡೂ ಇದ್ದವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು, ಎಂದರೆ ಬೆನ್ನಿನ ಮೇಲೆ ಸರಕು ಹೊರುವ ಎತ್ತುಗಳು, ಇಳಿಯುತ್ತಿದ್ದವು ಎಂದು ಬರೆದಿಟ್ಟಿದ್ದಾನೆ. ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬನೇ ಹೊಡೆಯುವವನಂತೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಹೊಳೆಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಇವರಿಬ್ಬರ ಮಾತನ್ನು ಒಂದಕ್ಕೊಂದು ಹೊಲಿದು ನನ್ನ ದಾರಿ ಮಾಡಿಕೊಂಡೆ: ಆನೆಗೊಂದಿ, ಕೊಪ್ಪಳ, ಲಕ್ಕುಂಡಿ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಹಾನಗಲ್, ಬನವಾಸಿ, ಸೊರಬ, ಕೆಳದಿ, ಇಕ್ಕೇರಿ, ತಾಳಗುಪ್ಪ, ಗೇರುಸೊಪ್ಪೆ, ಹೊನ್ನಾವರ. ಅಡ್ಡದಾರಿಗಳೆಲ್ಲ ಸೇರಿ ಸುಮಾರು 460 ಕಿ.ಮೀ. ಮೀಟರಿನ ಬ್ಯಾಟರಿ ಬಂಕಾಪುರದಲ್ಲಿ ಸತ್ತುಹೋಯಿತು, ಆಮೇಲಿನದು ಅಂದಾಜು.

‘460ಕ್ಕೆ ಹತ್ತು ದಿನವೇ? ನಾವು ಎರಡು ದಿನದಲ್ಲಿ ಮುಗಿಸುತ್ತೇವೆ’ ಎಂದು ಬಳಗದ ಹುಡುಗರು ನಕ್ಕರು. ಮುಗಿಸುತ್ತಾರೆ, ಹೆದ್ದಾರಿಯಲ್ಲಿ. ಲಕ್ಕುಂಡಿಯ ಬಾವಿ ಯಾವ ಬದಿಗಿತ್ತು ಎಂದು ಆಮೇಲೆ ಕೇಳಿ ನೋಡಿ.

ಮೊದಲ ಸಲ 2018ರ ಡಿಸೆಂಬರ್. ಕುದುರೆಗಳು ಹೋದ ದಿಕ್ಕಿನಲ್ಲಿಯೇ ಹೋಗಬೇಕು ಎಂಬ ಹಟದಿಂದ ಭಟ್ಕಳದಲ್ಲಿ ಶುರು ಮಾಡಿದೆ. ಎಲ್ಲರೂ ಹೆದರಿಸಿದ್ದು ಕೋಗಾರು ಘಾಟಿಯ ಬಗ್ಗೆ. ಅದಕ್ಕಾಗಿಯೇ ಏರು ಹಗುರಾಗಲೆಂದು ಹಿಂದಿನ ಗಾಲಿಗೆ 34 ಹಲ್ಲಿನ ಗೇರಿನ ಚಕ್ರ ಹಾಕಿಸಿದ್ದೆ, ಮೂರು ತಿಂಗಳು ಕಾಲು ಪಳಗಿಸಿದ್ದೆ. ಘಾಟಿ ಹತ್ತಿದೆ. ಕಾಲು ಭಾಗ ತಳ್ಳಿಕೊಂಡು ಹತ್ತಿದೆ ಎಂದರೂ ಹತ್ತಿದ್ದು ಹತ್ತಿದ್ದೇ. ನನ್ನನ್ನು ಕೊಂದದ್ದು ಬಯಲು. ಬಂಕಾಪುರ ದಾಟಿದ ಮೇಲೆ ಬೆಳಗ್ಗೆ ಹತ್ತು ಗಂಟೆಗೆ ಎದುರಿನಿಂದ ಗಾಳಿ ಶುರುವಾದರೆ ಸಂಜೆ ನಾಲ್ಕರವರೆಗೆ ನಿಲ್ಲಲಿಲ್ಲ. ಚಪ್ಪಟೆ ರಸ್ತೆ, ಒಂದು ದಿಣ್ಣೆಯೂ ಇಲ್ಲ, ವೇಗ ಗಂಟೆಗೆ ಎಂಟು ಕಿ.ಮೀ. ನನ್ನ ಪಕ್ಕದಲ್ಲಿ ಹತ್ತಿ ಹೇರಿದ ಚಕ್ಕಡಿ ಬಹಳ ಹೊತ್ತು ಜೊತೆಗೇ ಇತ್ತು. ಅದರ ಯಜಮಾನರು ನನ್ನನ್ನು ಕಂಡು ಮರುಕಪಟ್ಟು ‘ಹಿಂದೆ ಕಟ್ಟಿಕೊಳ್ಳಲೇನು?’ ಎಂದು ಕೇಳಿದರು. ಗದಗಕ್ಕೆ ಮುಟ್ಟುವ ಹೊತ್ತಿಗೆ ಎರಡು ಮೊಣಕಾಲೂ ಊದಿದ್ದವು. ಅಲ್ಲಿಂದ ಬಸ್ಸು. ಬಸ್ಸಿನ ಮೇಲೆ ಹಾಕಿದ ಸೈಕಲ್ಲಿನ ಹಿಂದಿನ ಗೇರಿನ ಕೊಕ್ಕೆ ಬಗ್ಗಿತು, ಅದರ ರಿಪೇರಿಗೆ 1,800 ರೂಪಾಯಿ. ಆ ಸಲದ ಒಟ್ಟು ಖರ್ಚು ಹದಿನಾಲ್ಕು ಸಾವಿರದ ಹತ್ತಿರ. ಅದರಲ್ಲಿ ಒಂಬತ್ತು ಸಾವಿರ ಹೊರದೇಶದ ಚೀಲಗಳಿಗೆ ಹೋಯಿತು. ಆ ಚೀಲದಲ್ಲಿ ಈಗ ನನ್ನ ಹೆಂಡತಿ ಹಪ್ಪಳ ಇಡುತ್ತಾಳೆ.

ಎರಡನೇ ಸಲ 2019ರ ಅಕ್ಟೋಬರ್ ಕೊನೆ. ಡಿಸೆಂಬರಿನ ಗಾಳಿ ಬೇಡವೆಂದು ಮುಂಚೆಯೇ ಹೊರಟೆ, ಅದೇ ಬುದ್ಧಿಗೇಡಿತನ. ಆ ವರ್ಷ ಮಳೆ ಹಿಂದೆ ಸರಿಯಲೇ ಇಲ್ಲ. ಲಕ್ಷ್ಮೇಶ್ವರದ ಆಚೆ ಒಂದು ಬಂಡಿ ದಾರಿಗೆ ಇಳಿದೆ. ಎರೆ ಮಣ್ಣಿನ, ಎಂದರೆ ಅಂಟುವ ಕಪ್ಪು ಮಣ್ಣಿನ ಬಗ್ಗೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ತುಂಬಿ ಚಕ್ರ ನಿಂತುಹೋಯಿತು. ಕಡ್ಡಿಯಿಂದ ಕೆರೆದೆ, ಮತ್ತೆ ಹತ್ತು ಮಾರು, ಮತ್ತೆ ಕೆರೆದೆ. ಕೊನೆಗೆ ಸೈಕಲ್ ಹೆಗಲಿಗೆ ಏರಿಸಿದೆ. ಮಣ್ಣಿನ ಸಮೇತ ಎಷ್ಟು ತೂಕವಿತ್ತೋ, ನನ್ನ ಚಪ್ಪಲಿಗಳು ಇನ್ನೂ ಆ ಹೊಲದಲ್ಲಿಯೇ ಇವೆ. ಒಂದು ಕಿಲೊಮೀಟರಿಗೆ ಮೂರು ಗಂಟೆ. ಇನ್ನೊಂದು ಏಳು ಸಾವಿರ ಹೋಯಿತು.

ಇಷ್ಟಾದ ಮೇಲೆ ತಲೆಗೆ ಹೊಳೆದ ಸಂಗತಿ ಬಹಳ ಸಣ್ಣದು. ನಾನು ಮೂವತ್ತೊಂದು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದವನು, ನನಗೆ ಮೊದಲೇ ಹೊಳೆಯಬೇಕಾಗಿತ್ತು. ಹೇರೆತ್ತಿನ ದಾರಿಯನ್ನು ನಾನು ಕುದುರೆಯ ದಿಕ್ಕಿನಲ್ಲಿ, ಕಾರಿನ ಲೆಕ್ಕದಲ್ಲಿ ಓದುತ್ತಿದ್ದೆ. ಎತ್ತಿಗೆ ಬೇಕಾದದ್ದು ನೀರು, ನೆರಳು, ಏರು ಕಡಿಮೆ ಇರುವ ನೆಲ, ಸಂಜೆಗೆ ಇಳಿಯುವ ಜಾಗ. ಸೈಕಲ್ ತುಳಿಯುವವನಿಗೆ ಬೇಕಾದದ್ದೂ ಅಷ್ಟೇ.

ದಿಕ್ಕನ್ನು ತಿರುಗಿಸಿದೆ. ಇತಿಹಾಸ ಓದಿದ ಒಬ್ಬ ಗೆಳೆಯರು ಇದನ್ನು ಬಲವಾಗಿ ವಿರೋಧಿಸಿದರು, ‘ಬಂದರಿನಿಂದ ರಾಜಧಾನಿಗೆ ಹೋಗುವುದೇ ಸರಿಯಾದ ಕ್ರಮ’ ಎಂದರು. ಪಾಯಿಸ್ ಕಂಡ ಐದಾರು ಸಾವಿರ ಎತ್ತುಗಳು ಬಂದರಿನ ಕಡೆಗೆ ಇಳಿಯುತ್ತಿದ್ದವಲ್ಲ, ಅವು ತಪ್ಪು ಕ್ರಮದಲ್ಲಿ ನಡೆದವೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಗದಗದ ಕಡೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದರೆ ಸಾಕು, ಯಾವ ಹವಾಮಾನ ವರದಿಯೂ ಬೇಡ: ಜನವರಿಯಲ್ಲಿ ಅವುಗಳ ಮುಖ ಮೂಡಣಕ್ಕೆ, ಮಳೆಗಾಲದಲ್ಲಿ ಪಡುವಣಕ್ಕೆ. ಎರಡು ವರ್ಷ ಬಸ್ಸಿನ ಕಿಟಕಿಯಿಂದ ಅವುಗಳ ಮುಖವನ್ನು ಗುರುತು ಹಾಕಿಕೊಂಡೆ. ಹಾಗಾಗಿ 2023ರ ಜನವರಿ, ಸಂಕ್ರಾಂತಿ ಮುಗಿದ ಮೂರನೇ ದಿನ, ಆನೆಗೊಂದಿಯಿಂದ ಪಡುವಣಕ್ಕೆ ಹೊರಟೆ. ಕೊಪ್ಪಳದಿಂದ ಲಕ್ಕುಂಡಿಗೆ ಹೋಗುವಾಗ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದಂತಿತ್ತು. ನಾಲ್ಕು ವರ್ಷದ ಹಿಂದೆ ಗಂಟೆಗೆ ಎಂಟು ಕಿ.ಮೀ. ವೇಗದಲ್ಲಿ ಅಳುತ್ತಿದ್ದವನು ಇಪ್ಪತ್ತೆರಡರಲ್ಲಿ ಹಾಡುತ್ತಿದ್ದೆ.

ನಕ್ಷೆಯ ವಿಷಯ. ಮೊಬೈಲ್ ತೋರಿಸುವ ದಾರಿಯನ್ನು ನಾನು ಮುಖ್ಯವಾಗಿ ಬಳಸಲಿಲ್ಲ. ನಮ್ಮ ಗ್ರಾಮ ನಕ್ಷೆಗಳು ಈಗ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಜೋಡಿ ಚುಕ್ಕೆಗೆರೆ ಎಂದರೆ ಬಂಡಿ ದಾರಿ, ಒಂಟಿ ಎಂದರೆ ಕಾಲುದಾರಿ. ಎಪ್ಪತ್ತು ಎಂಬತ್ತು ಗ್ರಾಮಗಳ ನಕ್ಷೆಗಳನ್ನು ಮುದ್ರಿಸಿ, ಗಡಿಗೆ ಗಡಿ ಹೊಂದಿಸಿ, ಅಂಟಿಸಿ ಗೋಡೆಗೆ ತೂಗುಹಾಕಿದೆ. ಒಂದೊಂದು ಕಡೆ ಎರಡು ಗ್ರಾಮಗಳ ಬಂಡಿ ದಾರಿಗಳು ಗಡಿಯಲ್ಲಿ ಕೂಡುವುದೇ ಇಲ್ಲ. ಅದು ಭೂಮಾಪಕನ ತಪ್ಪು, ನಮ್ಮ ವೃತ್ತಿಯ ಗುಟ್ಟು, ಬಿಡಿ. ದಾರಿಗಳು ಕೆರೆಯಿಂದ ಕೆರೆಗೆ ಹೋಗುತ್ತವೆ ಎಂಬುದು ಗೋಡೆಯ ಮುಂದೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಾಗಲೇ ಕಾಣುವುದು. ಕೆರೆಗಳನ್ನು ನೀಲಿ ಬಣ್ಣದಲ್ಲಿ ತುಂಬಿದೆ, ದಾರಿ ತಾನಾಗಿ ಎದ್ದು ಬಂತು.

ನೆಲದ ಮೇಲೆ ಎಲ್ಲವೂ ಉಳಿದಿಲ್ಲ. ಅಂದಾಜು ಮೂರರಲ್ಲಿ ಒಂದು ಪಾಲು ಹೊಲದೊಳಗೆ ಸೇರಿಹೋಗಿದೆ. ನಕ್ಷೆಯಲ್ಲಿ ದಾರಿ, ಎದುರಿಗೆ ಹತ್ತಿ. ಅಂತಹ ಕಡೆ ನಕ್ಷೆ ತೋರಿಸಿ ವಾದ ಮಾಡಲು ಹೋಗಬೇಡಿ. ನಿವೃತ್ತನಾದರೂ ನನ್ನನ್ನು ಅಳತೆಗೆ ಬಂದವನೆಂದು ತಿಳಿದು ಒಂದು ಊರಿನಲ್ಲಿ ಹತ್ತು ಜನ ಸೇರಿದರು. ಚಹಾ ಕುಡಿದು, ಎರಡು ಮನೆಯ ಬದುವಿನ ಜಗಳ ಕೇಳಿಸಿಕೊಂಡು, ಡಾಂಬರು ರಸ್ತೆಗೆ ಮರಳಿದೆ. ಬಂಡಿ ದಾರಿ ನನಗೆ ಸಿಕ್ಕಿದ್ದು ಒಟ್ಟು ತೊಂಬತ್ತು ನೂರು ಕಿ.ಮೀ. ಇರಬಹುದು, ಉಳಿದದ್ದೆಲ್ಲ ಊರುಗಳ ನಡುವಿನ ಸಣ್ಣ ಡಾಂಬರು. ಎರೆ ನೆಲದಲ್ಲಿ ನನ್ನ ನಿಯಮ ಒಂದೇ: ಹಿಂದಿನ ಹದಿನೈದು ದಿನ ಹನಿ ಬಿದ್ದಿಲ್ಲವೆಂದು ಹಳ್ಳಿಯಲ್ಲಿ ಕೇಳಿ ಖಚಿತವಾದರೆ ಮಾತ್ರ ಇಳಿಯುವುದು. ಮಸಾರಿ, ಎಂದರೆ ಕೆಂಪು ಮಣ್ಣಿನ ನೆಲವಾದರೆ ಎರಡು ದಿನ ಸಾಕು. ಮಡ್‌ಗಾರ್ಡುಗಳನ್ನು ಮನೆಯಲ್ಲಿಯೇ ಬಿಚ್ಚಿಟ್ಟು ಹೋಗಿದ್ದೆ.

ದಿನದ ಅಳತೆಗೆ ನಾನು ಕಿಲೊಮೀಟರನ್ನು ಬಿಟ್ಟು ಹರದಾರಿ ಹಿಡಿದೆ. ಹರದಾರಿ ಎಂದರೆ ಮೂರು ಮೈಲಿ, ಸುಮಾರು ಐದು ಕಿ.ಮೀ. ದಿನಕ್ಕೆ ಒಂಬತ್ತು ಹತ್ತು ಹರದಾರಿ, ಅದರಲ್ಲಿ ಏಳು ಬೆಳಗಿನ ಹನ್ನೊಂದರೊಳಗೆ. ಇದನ್ನು ಕೇಳಿಯೂ ನಕ್ಕರು. ಆದರೆ ದಾರಿಯಲ್ಲಿ ಹಳೆಯ ದೊಡ್ಡ ಕೆರೆ, ಗುಡಿ, ಸಂತೆ ಮೂರೂ ಇರುವ ಊರುಗಳ ನಡುವಿನ ಅಂತರವನ್ನು ನಾನು ಬರೆದುಕೊಳ್ಳುತ್ತ ಹೋದೆ: ಹದಿನಾಲ್ಕರಲ್ಲಿ ಒಂಬತ್ತು ಕಡೆ ಎರಡೂವರೆಯಿಂದ ಮೂರೂವರೆ ಹರದಾರಿ. ಹೇರು ಹೊತ್ತ ಎತ್ತಿನ ಒಂದು ದಿನದ ನಡಿಗೆ ಅದಕ್ಕಿಂತ ಹೆಚ್ಚಿರಲಾರದು. ಇದರಿಂದ ಏನನ್ನೂ ಸಾಧಿಸಿದೆನೆಂದು ಹೇಳುವುದಿಲ್ಲ. ನೀರಿನ ಬಾಟಲಿ ಮಾತ್ರ ಎಂದೂ ಖಾಲಿಯಾಗಲಿಲ್ಲ.

ಮುಳ್ಳಿನ ಬಗ್ಗೆ ಹೇಳದಿದ್ದರೆ ಪಾಪ ತಟ್ಟುತ್ತದೆ. ಕೊಪ್ಪಳದ ಕಡೆ ಬಳ್ಳಾರಿ ಜಾಲಿ, ಮುಂದೆ ಹೊಲದ ಅಂಚಿನಲ್ಲಿ ನೆಗ್ಗಿಲು. ಮೊದಲ ದಿನವೇ ಐದು ಪಂಕ್ಚರ್. ಲಕ್ಕುಂಡಿಯಲ್ಲಿ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಪಟ್ಟಿಯಂತೆ ಹಾಸಿದೆ, ಜೊತೆಗೆ ಟ್ಯೂಬಿನೊಳಕ್ಕೆ ಒಂದು ದ್ರಾವಣ ಬಿಟ್ಟೆ. ಪಟ್ಟಿಯ ಉಪಾಯ ಎಲ್ಲರಿಗೂ ಗೊತ್ತಿದೆ. ದ್ರಾವಣದ ಪಾಕವನ್ನು ಮಾತ್ರ ಕೇಳಬೇಡಿ. ಅಡುಗೆಮನೆಯ ಎರಡು ವಸ್ತು, ಅಂಗಡಿಯ ಒಂದು ವಸ್ತು ಅದರಲ್ಲಿವೆ ಎಂದಷ್ಟೇ ಹೇಳುತ್ತೇನೆ. ಆಮೇಲೆ ಹೊನ್ನಾವರದವರೆಗೆ ಒಂದೇ ಪಂಕ್ಚರ್, ಅದೂ ಮುಳ್ಳಿನದಲ್ಲ, ಬಂಕಾಪುರದ ಹೆದ್ದಾರಿಯ ಗಾಜು.

ಚೀಲಗಳನ್ನು ಈ ಸಲ ತಾಡಪಾಲಿನಿಂದ ನಾನೇ ಹೊಲಿಸಿದೆ: ದರ್ಜಿಗೆ 350, ತಾಡಪಾಲು ಕೊಕ್ಕೆ ಸೇರಿ 640. ಅಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಹೇರೆತ್ತಿನ ಬೆನ್ನಿನ ಮೇಲೆ ಹೇರು ಎರಡೂ ಪಕ್ಕಕ್ಕೆ ಸಮನಾಗಿರುತ್ತದೆ. ನಾನೂ ತಕ್ಕಡಿಯಲ್ಲಿ ತೂಗಿ ಎಡಕ್ಕೆ ನಾಲ್ಕು ಕಿಲೊ, ಬಲಕ್ಕೆ ನಾಲ್ಕು ಕಿಲೊ ಮಾಡಿದೆ. ಸಮನಾಗಿರುವುದಕ್ಕಿಂತ ಚೈನ್ ಇಲ್ಲದ ಎಡಬದಿಗೆ ಅರ್ಧ ಕಿಲೊ ಹೆಚ್ಚಿದ್ದರೆ ನನ್ನ ಸೈಕಲ್ ಇನ್ನೂ ನೇರವಾಗಿ ಓಡುತ್ತದೆ. ಕಾರಣ ಗೊತ್ತಿಲ್ಲ. ಮೂರು ದಿನ ಜೋಳದ ರೊಟ್ಟಿ, ಮೂರು ದಿನ ಅನ್ನ ತಿಂದು ಯಾವುದರಿಂದ ದೂರ ಹೋಗಬಹುದು ಎಂದೂ ನೋಡಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಗೆದ್ದವು. ಆದರೆ ಬನವಾಸಿಯಿಂದ ಮುಂದೆ ರೊಟ್ಟಿಯೇ ಸಿಗದ ಕಾರಣ ಪೈಪೋಟಿ ನ್ಯಾಯವಾಗಿ ನಡೆಯಿತೆಂದು ಹೇಳಲಾರೆ.

ಸವಣೂರಿನಲ್ಲಿ ಅರ್ಧ ದಿನ ಹಾಳಾಯಿತು, ಹಾಳಾಗಿದ್ದೇ ಒಳ್ಳೆಯದಾಯಿತು. ಅಲ್ಲಿನ ಮಠದ ಅಂಗಳದ ದೊಡ್ಡಹುಣಸೆ ಮರಗಳು ಆಫ್ರಿಕಾದ ಮೂಲದವು. ಅಷ್ಟು ದೂರದ ಬೀಜ ಈ ಊರಿಗೆ ಯಾರ ಗೋಣಿಯಲ್ಲಿ ಬಂತೋ ಎಂದು ಕಾಂಡಕ್ಕೆ ಒರಗಿ ಕುಳಿತು ಯೋಚಿಸಿದೆ. ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಾನಗಲ್ಲಿಗೆ ಮುಟ್ಟಿದಾಗ ಕತ್ತಲು, ತಾರಕೇಶ್ವರನ ದರ್ಶನ ಮರುದಿನ ಬೆಳಗ್ಗೆ.

ಕೆಳದಿ, ಇಕ್ಕೇರಿಗೆ ಒಂದು ದಿನ ಬಿಡುವು ಕೊಟ್ಟೆ. ದೆಲ್ಲಾ ವಾಲ್ಲೆ ಘಟ್ಟ ಹತ್ತಿ ಇಕ್ಕೇರಿಗೆ ಹೋಗುವಾಗ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡಿದ್ದ. ತಾಳಗುಪ್ಪದ ಆಚೆ ಒಂದು ಗುಡಿಯ ಜಗಲಿಯ ದೂಳಿನ ಮೇಲೆ ನಾನೂ ಬೆರಳಿನಿಂದ ಖರ್ಚಿನ ಲೆಕ್ಕ ಹಾಕಿದೆ. ವಸತಿ ಎಂಟು ರಾತ್ರಿಗೆ 3,100. ಉಳಿದ ರಾತ್ರಿ ಒಂದು ಮಠದಲ್ಲಿ. ಊಟ ತಿಂಡಿ 2,400ರ ಆಸುಪಾಸು, ರಿಪೇರಿ 270, ಗುಡಿಗಳ ತಟ್ಟೆಗೆ ನೂರೈವತ್ತು. ಮರಳುವ ಬಸ್ಸು, ಲಗೇಜು ಸೇರಿಸಿದರೂ ಏಳು ಸಾವಿರ ದಾಟುವುದಿಲ್ಲ ಎಂದು ಕಂಡಿತು, ದಾಟಲಿಲ್ಲ. ಸೋತ ಎರಡು ಪ್ರಯತ್ನಗಳಿಗೆ ಇದರ ಮೂರು ಪಟ್ಟು ಸುರಿದಿದ್ದೆ.

ಘಟ್ಟ ಇಳಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೇಕಿನ ರಬ್ಬರ್ ಹೊಸದಾಗಿರಲಿ, ಎರಡು ಮೂರು ತಿರುವಿಗೊಮ್ಮೆ ನಿಂತು ರಿಮ್ ಮುಟ್ಟಿ ನೋಡಿ. ನನ್ನದು ಒಂದು ಕಡೆ ಬೆರಳು ಸುಡುವಷ್ಟು ಕಾದಿತ್ತು, ಹತ್ತು ನಿಮಿಷ ಕಾದೆ. ಆ ಹತ್ತು ನಿಮಿಷದಲ್ಲಿಯೇ ಮೇಲಿನ ಕೊಂಬೆಯಲ್ಲಿ ಸಿಂಗಳೀಕದ ಹಿಂಡು ಕಂಡಿತು. ಹಳೆಯ ಕಾಲುದಾರಿ ಹುಡುಕಿಕೊಂಡು ಅಲ್ಲಿ ಕಾಡಿಗೆ ಇಳಿಯಬೇಡಿ, ಅದು ಅಭಯಾರಣ್ಯ. ಗೇರುಸೊಪ್ಪೆಯಲ್ಲಿ ಹೊಳೆಯ ಆಚೆಯ ನಗರಬಸ್ತಿಕೇರಿಗೆ ಹೋಗಿ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳ ನಡುವೆ ತಣ್ಣಗೆ ಕುಳಿತೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ಆಕೆಯ ಮೆಣಸು ಹೊಳೆಯಲ್ಲಿ ಹೋಯಿತು, ನಾನು ಕೊನೆಯ ಆರು ಹರದಾರಿಯನ್ನು ಹೊಳೆಯ ಪಕ್ಕದ ರಸ್ತೆಯಲ್ಲಿ ಹೋದೆ. ಅಲ್ಲಿ ಮಾತ್ರ ಮಧ್ಯಾಹ್ನದ ಕಡಲಗಾಳಿ ಎದುರಾಯಿತು. ಅದಕ್ಕೆ ನನ್ನ ಬಳಿ ಉಪಾಯವಿರಲಿಲ್ಲ, ತುಳಿದೆ.

ಲಾರಿಯ ಮಾತು ಬರೆದವರು ಕಳೆದ ತಿಂಗಳು ಮನೆಗೆ ಬಂದಿದ್ದರು. ಗೋಡೆಯ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಬರುವ ಜನವರಿಗೆ ತಾವೂ ಹೊರಡುವುದಾಗಿ ಹೇಳಿ ಕೆರೆಗಳ ಪಟ್ಟಿ ಕೇಳಿದರು. ಬರೆದುಕೊಟ್ಟೆ. ಎರಡು ಕೆರೆಗಳನ್ನು ಬಿಟ್ಟು.