ಗಂಟವ್ವ ಹುಟ್ಟಿದ್ದು ಹೀಗೆ

ನನ್ನ ಕಾದಂಬರಿಯಲ್ಲಿ ಒಂದು ಬಂದರು ಪಟ್ಟಣವಿದೆ. ಅಲ್ಲಿನ ದೊಡ್ಡ ದೇವರುಗಳನ್ನು ಒಂದೇ ವಾರದಲ್ಲಿ ಬರೆದು ಮುಗಿಸಿದೆ. ಕಡಲಿಗೊಬ್ಬ, ಸಿಡಿಲಿಗೊಬ್ಬ, ಸಾವಿಗೊಬ್ಬಳು. ತಿಂಗಳುಗಟ್ಟಲೆ ಕಾಡಿದವಳು ಒಬ್ಬ ಪುಟ್ಟ ದೇವತೆ, ಹಗ್ಗದ ಗಂಟು ಕಾಯುವ ಗಂಟವ್ವ.

ಮೊದಲು ಅವಳಿಗೊಂದು ವಂಶವನ್ನೇ ಕಟ್ಟಿದೆ. ಕಡಲದೇವರು ಅಪ್ಪ, ಆರು ಜನ ಅಕ್ಕಂದಿರು, ಒಂದು ಶಾಪ. ನಾಲ್ಕು ಪುಟ ಆಯಿತು. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಅವ್ವನಿಗೆ ಓದಿ ಹೇಳಿದೆ. "ಅದೆಲ್ಲಾ ಇರ್ಲಿ, ಆಕಿಗೆ ಎಡಿ ಏನ್ ಹಿಡೀತಾರ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾಲ್ಕೂ ಪುಟ ತೆಗೆದುಹಾಕಿದೆ.

ಇಂಗ್ಲಿಷ್ ಲೇಖಕ ಟೆರ್ರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಎಂಬ ಕಲ್ಪನಾಲೋಕದ ಕಥೆಗಳಲ್ಲಿ ಅನೋಯಾ ಅಂತ ಒಬ್ಬ ದೇವತೆ ಬರುತ್ತಾಳೆ. ಡ್ರಾಯರ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಸೌಟು, ಚಮಚಗಳಿಗೆ ಅವಳೇ ಒಡತಿ. ತೆರೆಯದ ಡ್ರಾಯರನ್ನು ಜನ ಅಲ್ಲಾಡಿಸಿ ಬೈದರೆ ಅದೇ ಅವಳಿಗೆ ಪೂಜೆ. ಎಷ್ಟು ಚಂದ ಅಲ್ವಾ? ಜನ ದಿನಾ ಮಾಡುವ ಕೆಲಸದಲ್ಲೇ ಪೂಜೆ ಇದೆ. ನನಗೂ ಅಂಥದ್ದೇ ಬೇಕಿತ್ತು.

ಹಾಗಾಗಿ ಮುಂಬೈನ ಕೊಲಾಬಾದಲ್ಲಿ ಮೀನುಗಾರರ ದೋಣಿಗಳು ನಿಲ್ಲುವ ಸಾಸೂನ್ ಡಾಕ್‌ಗೆ ಹೋದೆ. 1875ರಿಂದ ನಡೆಯುತ್ತಿರುವ ಡಾಕ್ ಅದು. ಬೆಳಗಿನ ಜಾವ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಬ್ಬ ಹುಡುಗ ಹಗ್ಗ ಕಟ್ಟಿ, ಗಂಟಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ ಹೋದ. ಸುಮ್ನೆ ಅಭ್ಯಾಸ ಇರಬಹುದು. ನನಗೆ ಮಾತ್ರ ಗಂಟವ್ವನ ಪೂಜೆ ಸಿಕ್ಕಿತು.

ಹಬ್ಬವೂ ಹಿಂದೆಯೇ ಬಂತು. ಶ್ರಾವಣ ಹುಣ್ಣಿಮೆಗೆ ಇಲ್ಲಿನ ಕೋಲಿ ಸಮುದಾಯದ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ, ಅದು ನಾರಳಿ ಪೌರ್ಣಿಮೆ. ಅದೇ ದಿನ ನಮ್ಮಲ್ಲಿ ನೂಲು ಹುಣ್ಣಿಮೆ. ಒಂದು ಕಡೆ ಕಡಲು, ಒಂದು ಕಡೆ ನೂಲು! ನನ್ನ ಪಟ್ಟಣದವರು ಆ ದಿನ ಹಳೇ ಹಗ್ಗದ ತುಂಡನ್ನು ಗಂಟು ಹಾಕಿ ಅವಳ ಕಂಬಕ್ಕೆ ಕಟ್ಟುತ್ತಾರೆ. ಅವ್ವನ ಪ್ರಶ್ನೆಗೆ ಉತ್ತರ ಅದೇ.

ಜಾಸ್ತಿ ಯೋಚಿಸಬೇಕಾಗಿ ಬಂದದ್ದು ಗಂಟವ್ವನ ಕೈಲಾಗದ್ದು ಏನು ಅನ್ನುವುದನ್ನು. ಗಂಟು ಬಿಚ್ಚದಂತೆ ಕಾಯುತ್ತಾಳೆ, ಅಷ್ಟೇ. ದೋಣಿಯನ್ನು ಉಳಿಸಲಾರಳು. ಇದನ್ನು ಗಟ್ಟಿ ಮಾಡಿಕೊಂಡ ರಾತ್ರಿಯೇ ಆ ದೃಶ್ಯ ಬರೆದೆ. ಗಂಡನನ್ನು ಕಡಲಿಗೆ ಕಳೆದುಕೊಂಡವಳು ಕಂಬದ ಮುಂದೆ ನಿಲ್ಲುತ್ತಾಳೆ. ಅವನ ದೋಣಿಯ ಹಗ್ಗ ದಡಕ್ಕೆ ಬಂದಿದೆ, ಗಂಟು ಹಾಗೇ ಇದೆ. ಅವಳು ಅದನ್ನು ಬಿಚ್ಚುತ್ತಾಳೆ. ಸಾವಿರ ಗಂಟುಗಳ ನಡುವೆ ಆ ಒಂದು ಹಗ್ಗವನ್ನು ನೇರವಾಗಿ ತೂಗುಬಿಟ್ಟು ಮನೆಗೆ ನಡೆಯುತ್ತಾಳೆ.