ಲ್ಯಾಪ್‌ಟಾಪ್ ಮಲಗಿದ್ದು ಏಳುತ್ತಿಲ್ಲವೇ? ತಪ್ಪಿತಸ್ಥ ಡ್ರೈವರ್ ಹುಡುಕುವುದು ಹೀಗೆ

ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಹೊರತೆಗೆದಾಗ ಕಾದಿರುತ್ತದೆ. ಇಲ್ಲವೇ ಮುಚ್ಚಳ ತೆರೆದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಕೆಲವೊಮ್ಮೆ ಎಲ್ಲ ಎದ್ದು ಕೂತಿರುತ್ತದೆ, ವೈಫೈ ಒಂದು ನಾಪತ್ತೆ. ಆಗ ನೆಟ್‌ನಲ್ಲಿ ಸಿಕ್ಕ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆಯ್ಕೆಗಳನ್ನೆಲ್ಲ ಒಂದೊಂದಾಗಿ ಅಂಟಿಸಿ ನೋಡುವವರೇ ಜಾಸ್ತಿ. ಅದು ಬೇಡ. ಸಸ್ಪೆಂಡ್, ಅಂದರೆ ಯಂತ್ರವನ್ನು ಮಲಗಿಸುವುದು, ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಕೆಲಸ. ಯಾವ ಮೆಟ್ಟಿಲಲ್ಲಿ ಎಡವಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಲಿನಕ್ಸ್‌ನಲ್ಲಿ ಅದನ್ನು ಹುಡುಕುವ ಸಲಕರಣೆ ಕರ್ನಲ್‌ನ ಒಳಗೇ ಇದೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಕರ್ನಲ್ ಮೊದಲಿಗೆ ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ಹಾಗೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಡ್ರೈವರ್‌ಗೆ (ಸಾಧನವನ್ನು ನಡೆಸುವ ತಂತ್ರಾಂಶ) ಮಲಗುವ ಸೂಚನೆ ಹೋಗುತ್ತದೆ. ಯುಎಸ್‌ಬಿ ಮೌಸ್ ಮೊದಲು ಮಲಗಬೇಕು, ಅದು ಸೇರಿರುವ ಹಬ್ ಆಮೇಲೆ, ಹಬ್ಬನ್ನು ನಡೆಸುವ ಕಂಟ್ರೋಲರ್ ಕೊನೆಗೆ. ಏಳುವಾಗ ಇದೇ ಕ್ರಮ ತಿರುಗುಮುರುಗು.

ಡ್ರೈವರ್‌ನ ನಿಜವಾದ ಕಷ್ಟ ಇರುವುದು ಇಲ್ಲೇ. ಮಲಗುವ ಮುಂಚೆ ಅದು ಡಿಎಂಎ (ಸಾಧನ ನೇರವಾಗಿ ಮೆಮೊರಿ ಓದಿ ಬರೆಯುವುದು) ನಿಲ್ಲಿಸಬೇಕು, ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ತಡೆಯಬೇಕು, ಸಾಧನದ ಸ್ಥಿತಿಯನ್ನು ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳಬೇಕು. ವಿದ್ಯುತ್ ಹೋದ ಮೇಲೆ ಚಿಪ್ ಎಲ್ಲವನ್ನೂ ಮರೆತಿರುತ್ತದೆ. ಪಿಸಿಐ ಎಂಬ ಒಳ ಸಂಪರ್ಕದ ಮೇಲಿರುವ ಸಾಧನವಾದರೆ ಸಾಮಾನ್ಯ ಸೆಟ್ಟಿಂಗ್‌ಗಳನ್ನು ಕರ್ನಲ್ಲೇ ಉಳಿಸಿ ವಾಪಸ್ ತುಂಬಬಲ್ಲದು. ಆ ಚಿಪ್‌ಗೇ ಸೇರಿದ ರಿಜಿಸ್ಟರ್‌ಗಳ (ಚಿಪ್‌ನ ಒಳಗಿನ ಸೆಟ್ಟಿಂಗ್ ಖಾನೆಗಳು) ಹೊಣೆ ಮಾತ್ರ ಡ್ರೈವರ್‌ನದ್ದು. ಅದರಲ್ಲಿ ಒಂದು ಬಿಟ್ಟುಹೋದರೂ ಸಾಕು, ವೈಫೈ ಏಳುವುದಿಲ್ಲ. ಇನ್ನೊಂದು ತಪ್ಪು ಹೆಚ್ಚು ಕಿತಾಪತಿಯದು. ಒಂದೇ ಇಂಟರಪ್ಟನ್ನು ಎರಡು ಸಾಧನ ಹಂಚಿಕೊಂಡಿರುತ್ತವೆ. ಪಕ್ಕದ ಸಾಧನ ಕರೆದಾಗ ಮಲಗಿರುವ ಸಾಧನದ ಡ್ರೈವರ್ ಕೂಡ ಎದ್ದು ತನ್ನ ಚಿಪ್ಪನ್ನು ಓದಲು ಹೋಗುತ್ತದೆ. ಪಿಸಿಐನಲ್ಲಿ ಉತ್ತರ ಕೊಡುವವರು ಇಲ್ಲದಿದ್ದರೆ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಅಂತ ಬರುತ್ತವೆ. ಅದನ್ನೇ ನಿಜವೆಂದು ನಂಬುವ ಡ್ರೈವರ್ ಇಡೀ ಯಂತ್ರವನ್ನೇ ಕೆಡವಬಲ್ಲದು.

ಈಗ ಕೆಲಸಕ್ಕೆ ಇಳಿಯೋಣ. ತೆರೆದಿರುವ ಫೈಲ್‌ಗಳನ್ನು ಸೇವ್ ಮಾಡಿ, ಟರ್ಮಿನಲ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ. ಹೆಸರುಗಳು ಇಲ್ಲಿ ಕನ್ನಡ ಅಕ್ಷರದಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

1. ಯಾವ ನಿದ್ದೆ ಎಂದು ತಿಳಿಯಿರಿ. /ಸಿಸ್/ಪವರ್/ಮೆಮ್_ಸ್ಲೀಪ್ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ಓದಿ. 'ಡೀಪ್' ಅಂದರೆ ಹಳೆಯ ಎಸ್3, ಮೆಮೊರಿ ಬಿಟ್ಟು ಹೆಚ್ಚುಕಡಿಮೆ ಎಲ್ಲಕ್ಕೂ ವಿದ್ಯುತ್ ಬಂದ್. 'ಎಸ್2ಐಡಲ್' ಅಂದರೆ ಪ್ರೊಸೆಸರ್ ಸುಮ್ಮನಿರುತ್ತದೆ, ಸಾಧನಗಳು ತಾವೇ ತಣ್ಣಗಾಗಬೇಕು. ಚೌಕ ಆವರಣದಲ್ಲಿ ಇರುವುದು ಚಾಲ್ತಿಯಲ್ಲಿದೆ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 'ಡೀಪ್' ಇಲ್ಲವೇ ಇಲ್ಲ.

2. ಕರ್ನಲ್ಲನ್ನೇ ಕೇಳಿ. /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್ ಫೋಲ್ಡರ್‌ನಲ್ಲಿ 'ಲಾಸ್ಟ್_ಫೇಲ್ಡ್_ಡೆವ್' ಎಂಬ ಫೈಲ್ ಇದೆ. ಕೊನೆಯ ಸಲ ಮಲಗಲು ಒಪ್ಪದ ಸಾಧನದ ಹೆಸರು ಅದರಲ್ಲಿರುತ್ತದೆ. ಎಷ್ಟೋ ಸಲ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

3. ಮೆಟ್ಟಿಲುಗಳನ್ನು ಪರೀಕ್ಷಿಸಿ. ಇದು ನನಗೆ ಅತಿ ಇಷ್ಟವಾದ ಸಲಕರಣೆ. /ಸಿಸ್/ಪವರ್/ಪಿಎಂ_ಟೆಸ್ಟ್ ಫೈಲ್‌ಗೆ ಮೊದಲು 'ಫ್ರೀಜರ್' ಅಂತ ಬರೆಯಿರಿ. ನಂತರ /ಸಿಸ್/ಪವರ್/ಸ್ಟೇಟ್ ಫೈಲ್‌ಗೆ 'ಮೆಮ್' ಅಂತ ಬರೆಯಿರಿ. ಯಂತ್ರ ಪ್ರೋಗ್ರಾಂಗಳನ್ನು ಮಾತ್ರ ನಿಲ್ಲಿಸಿ, 5 ಸೆಕೆಂಡ್ ಕಾದು, ತಾನೇ ಎದ್ದುಬಿಡುತ್ತದೆ. ಸರಿಯಾಗಿ ಎದ್ದರೆ 'ಡಿವೈಸಸ್', ಆಮೇಲೆ 'ಪ್ಲಾಟ್‌ಫಾರ್ಮ್', 'ಪ್ರೊಸೆಸರ್ಸ್', 'ಕೋರ್'. ಕೊನೆಯ ಎರಡು ಡೀಪ್ ನಿದ್ದೆಗೆ ಮಾತ್ರ. ಪ್ರತಿ ಹಂತವನ್ನೂ ಹಲವು ಸಲ ಓಡಿಸಿ, ಒಂದು ಸಲ ಪಾಸಾದ ಡ್ರೈವರ್ ಮತ್ತೊಂದು ಸಲ ಕೈಕೊಡುವುದುಂಟು. ಮುಗಿದ ಮೇಲೆ ಪಿಎಂ_ಟೆಸ್ಟ್‌ಗೆ 'ನನ್' (none) ಅಂತ ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಯಂತ್ರ ಮಲಗಿದ ಹಾಗೆ ಮಾಡಿ 5 ಸೆಕೆಂಡಿಗೆ ಎದ್ದು ಕೂರುತ್ತದೆ. ಪಿಎಂ_ಟೆಸ್ಟ್ ಫೈಲೇ ಕಾಣದಿದ್ದರೆ ನಿಮ್ಮ ಕರ್ನಲ್ಲನ್ನು ಆ ಸೌಲಭ್ಯ ಸೇರಿಸದೆ ಕಟ್ಟಿದ್ದಾರೆ ಎಂದರ್ಥ.

4. ಅರ್ಧರ್ಧ ಮಾಡಿ ಹಿಡಿಯಿರಿ. 'ಡಿವೈಸಸ್' ಹಂತದಲ್ಲಿ ಸೋತರೆ ತಪ್ಪು ಡ್ರೈವರ್‌ನದ್ದೇ. ತೆಗೆಯಲು ಬರುವ ಮಾಡ್ಯೂಲ್‌ಗಳಲ್ಲಿ (ಬೇಕಾದಾಗ ಕರ್ನಲ್‌ಗೆ ಸೇರಿಸಿ ತೆಗೆಯಬಹುದಾದ ಡ್ರೈವರ್ ತುಣುಕುಗಳು) ಅರ್ಧವನ್ನು 'ಮಾಡ್‌ಪ್ರೋಬ್ -ಆರ್' ಬಳಸಿ ತೆಗೆಯಿರಿ, ಮತ್ತೆ ಪರೀಕ್ಷಿಸಿ. ಪಾಸಾದರೆ ತಪ್ಪಿತಸ್ಥ ತೆಗೆದ ಗುಂಪಿನಲ್ಲಿದ್ದಾನೆ. 64 ಮಾಡ್ಯೂಲ್ ಇದ್ದರೂ 6 ಸುತ್ತಿಗೆ ಒಂದಕ್ಕೆ ಇಳಿಯುತ್ತದೆ, ಅಲ್ವಾ?

5. ಏಳುವಾಗ ಸತ್ತರೆ. ಪರದೆಯೇ ಬರದಿದ್ದರೆ ಲಾಗ್ ಓದುವುದು ಹೇಗೆ? ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ ಪ್ರೊಸೆಸರ್) ಯಂತ್ರಗಳಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. /ಸಿಸ್/ಪವರ್/ಪಿಎಂ_ಟ್ರೇಸ್ ಫೈಲ್‌ಗೆ 1 ಬರೆದು ಮಲಗಿಸಿ. ಕರ್ನಲ್ ಪ್ರತಿ ಹೆಜ್ಜೆಯ ಗುರುತನ್ನು ಬ್ಯಾಟರಿ ಗಡಿಯಾರದಲ್ಲಿ ಸಮಯದ ರೂಪದಲ್ಲಿ ಬರೆಯುತ್ತಾ ಹೋಗುತ್ತದೆ. ಯಂತ್ರ ಸಿಕ್ಕಿಕೊಂಡರೆ ಸುಮಾರು 3 ನಿಮಿಷದ ಒಳಗೆ ರೀಬೂಟ್ ಮಾಡಿ ಡಿಮೆಸೇಜ್‌ನಲ್ಲಿ (dmesg, ಕರ್ನಲ್ ಸಂದೇಶಗಳನ್ನು ತೋರಿಸುವ ಕಮಾಂಡ್) 'ಹ್ಯಾಶ್ ಮ್ಯಾಚಸ್' ಎಂಬ ಸಾಲು ಹುಡುಕಿ. ಒಂದಕ್ಕಿಂತ ಹೆಚ್ಚು ಹೆಸರು ಸಿಗಬಹುದು. ಗಡಿಯಾರದ ಸಮಯ ತಪ್ಪಿರುತ್ತದೆ, ಸರಿ ಮಾಡಿಕೊಳ್ಳಿ.

6. ಮಲಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ ಎಂದರೆ. ಎಸ್2ಐಡಲ್‌ನಲ್ಲಿ ಒಂದೇ ಸಾಧನ ಹಟ ಮಾಡಿದರೂ ಇಡೀ ಚಿಪ್ ಆಳಕ್ಕೆ ಇಳಿಯದೆ ಉಳಿಯಬಹುದು. ಹೊಸ ಕರ್ನಲ್‌ಗಳ ಸಸ್ಪೆಂಡ್_ಸ್ಟ್ಯಾಟ್ಸ್‌ನಲ್ಲಿ 'ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್' ಇದ್ದರೆ ನೋಡಿ. ಬಹಳ ಹೊತ್ತು ಮಲಗಿದ್ದರೂ ಅಲ್ಲಿ 0 ಇದ್ದರೆ ಹಾರ್ಡ್‌ವೇರ್ ನಿದ್ದೆಯೇ ಮಾಡಿಲ್ಲ. ತಾನಾಗೇ ಎದ್ದೇಳುತ್ತಿದ್ದರೆ /ಪ್ರಾಕ್/ಎಸಿಪಿಐ/ವೇಕಪ್ ಓದಿ, ಎಬ್ಬಿಸುವ ಹಕ್ಕು ಯಾರಿಗಿದೆ ಎಂಬ ಪಟ್ಟಿ ಅದು. ವಿಂಡೋಸ್ ಬಳಸುವವರಿಗೆ 'ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್' ಮತ್ತು 'ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ' ಇವೆ.

ಡ್ರೈವರ್ ಸಿಕ್ಕಿತು, ಮುಂದೇನು? ತಾತ್ಕಾಲಿಕವಾಗಿ ಮಲಗುವ ಮುಂಚೆ ಅದನ್ನು ತೆಗೆದು ಎದ್ದ ಮೇಲೆ ಹಾಕಬಹುದು. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವ ಯಂತ್ರದಲ್ಲಿ /ಯುಎಸ್‌ಆರ್/ಲಿಬ್/ಸಿಸ್ಟಂಡಿ/ಸಿಸ್ಟಂ-ಸ್ಲೀಪ್ ಫೋಲ್ಡರ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಇಟ್ಟರೆ ಸಾಕು. ಮಲಗುವಾಗ 'ಪ್ರೀ', ಎದ್ದಾಗ 'ಪೋಸ್ಟ್' ಎಂಬ ಮಾತಿನೊಂದಿಗೆ ಅದು ಓಡುತ್ತದೆ. ಇದು ಬರೀ ತೇಪೆ. ಡ್ರೈವರ್ ಬರೆದವರಿಗೆ ಬಗ್ ವರದಿ ಕಳಿಸಿ: ಕರ್ನಲ್ ಆವೃತ್ತಿ, ಲ್ಯಾಪ್‌ಟಾಪ್ ಮಾದರಿ, ಸೋತ ಪಿಎಂ_ಟೆಸ್ಟ್ ಹಂತ, ಆ ಹೊತ್ತಿನ ಡಿಮೆಸೇಜ್. 'ಸಸ್ಪೆಂಡ್ ಆಗ್ತಿಲ್ಲ' ಎಂದಷ್ಟೇ ಬರೆದರೆ ಅವರೂ ಮೊದಲು ಕೇಳುವುದು ಇವನ್ನೇ.