ಭೂಗೋಳ ಐಚ್ಛಿಕ: ಮೊದಲು ಪೆನ್ಸಿಲ್ ಹಿಡಿಯಿರಿ

ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಭೂಗೋಳ ತೆಗೆದುಕೊಂಡರೆ ತಲಾ 250 ಅಂಕದ ಎರಡು ಪತ್ರಿಕೆ. ಮೊದಲನೆಯದರಲ್ಲಿ ಭೌತಿಕ ಮತ್ತು ಮಾನವ ಭೂಗೋಳದ ತತ್ವಗಳು, ಎರಡನೆಯದರಲ್ಲಿ ಭಾರತ. ಹೆಚ್ಚಿನವರು ತಿಂಗಳುಗಟ್ಟಲೆ ಬರೀ ಓದಿ, ಪರೀಕ್ಷೆ ಹತ್ತಿರ ಬಂದಾಗ ನಕ್ಷೆಗೆ ಕೈ ಹಾಕುತ್ತಾರೆ. ಆಗ ಕೈ ಓಡುವುದಿಲ್ಲ.

ದಿನಾ ಹತ್ತು ನಿಮಿಷ ಖಾಲಿ ಹಾಳೆಯಲ್ಲಿ ಭಾರತ ಬರೆಯಿರಿ. ಮಂಗಳೂರಿನವರಿಗೆ ಇದಕ್ಕೊಂದು ಒಳ್ಳೆಯ ಅನುಕೂಲವಿದೆ. 13° ಉತ್ತರ ಅಕ್ಷಾಂಶದ ಗೆರೆ ಎಳೆದರೆ ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಅದರ ಆಸುಪಾಸಿನಲ್ಲೇ ಸಿಗುತ್ತವೆ. ಇನ್ನೂ ಮುಂದೆ ಹೋದರೆ ಉತ್ತರ ಅಂಡಮಾನ್. ಮಂಗಳೂರಿನಿಂದ ನೇರ ಮೇಲಕ್ಕೆ, 74°50' ಪೂರ್ವ ರೇಖಾಂಶದಲ್ಲಿ, ಅಜ್ಮೀರ್, ಅಮೃತಸರ, ಶ್ರೀನಗರ. ಈ ಎರಡು ಗೆರೆಗಳ ಜತೆಗೆ ಕರ್ಕಾಟಕ ಸಂಕ್ರಾಂತಿ ವೃತ್ತವೂ ಕೈಗೆ ಬಂದರೆ ಉಳಿದ ಸ್ಥಳಗಳನ್ನು ಅಳೆದು ಇಡಬಹುದು.

ಎರಡನೇ ಪತ್ರಿಕೆಯ ನಕ್ಷೆ ಪ್ರಶ್ನೆಯಲ್ಲಿ ಸ್ಥಳ ಗುರುತಿಸಿ, ಅದರ ಮಹತ್ವವನ್ನು 30 ಪದ ಮೀರದಂತೆ ಬರೆಯಬೇಕು. ಸೇಂಟ್ ಮೇರೀಸ್ ದ್ವೀಪ ಬಂದರೆ ‘ಸುಂದರ ಪ್ರವಾಸಿ ತಾಣ’ ಎಂದು ಬರೆದು ಪದ ಹಾಳು ಮಾಡಬೇಡಿ. ಹೀಗೆ ಬರೆಯಿರಿ: ‘ಮಲ್ಪೆ ಬಳಿಯ ದ್ವೀಪ, ಸ್ತಂಭಾಕಾರದ ಜ್ವಾಲಾಮುಖಿ ಶಿಲೆ, ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟ ಕಾಲದ ಕುರುಹು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.’

ತತ್ವಗಳಿಗೆ ನಮ್ಮ ಕರಾವಳಿಯ ನೆಲವೇ ಪ್ರಯೋಗಶಾಲೆ. ಮನೆ ಕಟ್ಟುವ ಕೆಂಪು ಮುರಕಲ್ಲನ್ನೇ (ಲ್ಯಾಟರೈಟ್) ನೋಡಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸಿಲಿಕಾವನ್ನು ತೊಳೆದೊಯ್ಯುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿಯುತ್ತವೆ. ಕೋರೆಯಲ್ಲಿ ಮೆತ್ತಗಿರುವ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ಮಣ್ಣಿನಲ್ಲಿ ಸತ್ವ ಕಡಿಮೆಯಾದ್ದರಿಂದ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಎತ್ತರದ ಬಯಲುಗಳಲ್ಲಿ, ಗೇರು. ಹೀಗೆ ಒಂದೇ ಕಲ್ಲು ಹವಾಗುಣ, ಶಿಥಿಲೀಕರಣ, ಬೆಳೆ ಮೂರನ್ನೂ ಜೋಡಿಸುತ್ತದೆ. ಮಂಗಳೂರಿನಲ್ಲಿ ನದಿ ಕಡಲು ಸೇರುವ ಅಳಿವೆ ಬಾಗಿಲಿನ ಅಲೆತಡೆಗೋಡೆ ಇನ್ನೊಂದು ಪಾಠ: ದಡದುದ್ದಕ್ಕೆ ಸಾಗುವ ಮರಳಿನ ಹರಿವು ತಡೆದಾಗ ಒಂದು ಕಡೆ ಮರಳು ತುಂಬುತ್ತದೆ, ಇನ್ನೊಂದು ಕಡೆ ಕಡಲ್ಕೊರೆತ. ಅಳಿವೆಯ ಎರಡು ಬದಿಯ ಬೆಂಗ್ರೆ, ಉಳ್ಳಾಲ ಎರಡನ್ನೂ ನೋಡಿ ಬಂದು ಅಡ್ಡಛೇದ ಬರೆದರೆ ಅದು ಮರೆಯುವುದಿಲ್ಲ. ಆದರೆ ಉತ್ತರಕ್ಕೊಂದು ಊರ ಉದಾಹರಣೆ ಸಾಕು. ಮೊದಲ ಪತ್ರಿಕೆಯಲ್ಲಿ ಜಗತ್ತಿನ ಬೇರೆ ಭಾಗಗಳ ಉದಾಹರಣೆಯೂ ಬೇಕು.

ಸಮಯದ ಲೆಕ್ಕ ಬಿಗಿ. 180 ನಿಮಿಷದಲ್ಲಿ 250 ಅಂಕ ಅಂದರೆ 10 ಅಂಕಕ್ಕೆ 7 ನಿಮಿಷ, 15ಕ್ಕೆ ಹೆಚ್ಚೂಕಡಿಮೆ 11, 20ಕ್ಕೆ 14. ಚಿತ್ರಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಬಣ್ಣ ಬಳಿಯುವ ಹೊತ್ತನ್ನು ಹೆಸರು ಬರೆಯಲು ಬಳಸಿ: ಹೆಸರಿಲ್ಲದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಪ್ರತಿ ಪತ್ರಿಕೆಯಲ್ಲಿ ಎರಡು ವಿಭಾಗ, ಒಟ್ಟು ಎಂಟು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರ. 1 ಮತ್ತು 5 ಕಡ್ಡಾಯ, ಉಳಿದ ಮೂರರಲ್ಲಿ ಪ್ರತಿ ವಿಭಾಗದಿಂದ ಒಂದಾದರೂ ಇರಬೇಕು. ಮೊದಲ ಪತ್ರಿಕೆಯಲ್ಲಿ ಭೌತಿಕ ಭೂಗೋಳ ಒಂದು ವಿಭಾಗ, ಮಾನವ ಭೂಗೋಳ ಇನ್ನೊಂದು. ಹಾಗಾಗಿ ಮಾನವ ಭೂಗೋಳದ ಚಿಂತನೆ, ಮಾದರಿಗಳನ್ನು ಪೂರ್ತಿ ಬಿಟ್ಟು ಭೂರೂಪಗಳನ್ನಷ್ಟೇ ನೆಚ್ಚಿಕೊಂಡವರಿಗೆ ಕೊನೆಗೆ ಪ್ರಶ್ನೆ ಸಾಲದು.

ಕನ್ನಡದಲ್ಲಿ ಬರೆಯುವವರು ಗಮನಿಸಿ: ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಪಾರಿಭಾಷಿಕ ಪದಗಳಿಗೆ ಮಾತ್ರ ಆವರಣದಲ್ಲಿ ಇಂಗ್ಲಿಷ್ ರೂಪ ಕೊಡಲು ಅವಕಾಶವಿದೆ. ಆದ್ದರಿಂದ ಎರಡೂ ಭಾಷೆಯ ಪದಪಟ್ಟಿಯನ್ನು ಓದು ಶುರುವಾದ ದಿನದಿಂದಲೇ ಪುಸ್ತಕದ ಕೊನೆಯ ಪುಟಗಳಲ್ಲಿ ಬೆಳೆಸುತ್ತಾ ಹೋಗಿ.